ಕೈಬಿಟ್ಟ ಕೋವಿಗಳು

ಜೀಪು ಮಾರಿದವನು ಮನಸ್ಸಾದಾಗ ಇನ್ನೊಂದು ಜೀಪು ಕೊಳ್ಳಬಹುದು. ಕೋವಿ ಹಾಗಲ್ಲ. ಕೊಳ್ಳುವವನ ಲೈಸೆನ್ಸಿನಲ್ಲಿ ಜಾಗ ಖಾಲಿ ಇರಬೇಕು. ಮಾರುವವನು ಜಿಲ್ಲಾಧಿಕಾರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು. ಹಳೆಯ ಇಂಗ್ಲಿಷ್ ಕೋವಿಯಾಗಿದ್ದರಂತೂ ಅಂಥದ್ದು ಮತ್ತೆ ಸಿಗುವುದೇ ಅನುಮಾನ. ಎಂಬತ್ತರ ದಶಕದ ನಡುವಿನಿಂದ ನಮ್ಮಂಥವರು ಹೊರದೇಶದ ಕೋವಿ ತರಿಸಿಕೊಳ್ಳುವ ದಾರಿ ಹೆಚ್ಚುಕಡಿಮೆ ಮುಚ್ಚಿಹೋಗಿದೆ. ಅದಕ್ಕೂ ಮೊದಲು ಬಂದವಷ್ಟೇ ಕೈಯಿಂದ ಕೈಗೆ ಸುತ್ತುತ್ತಿವೆ. ಅಡಿಕೆ ತೋಟದ ನಮ್ಮ ಮನೆಯಿಂದ ಅಂಥದ್ದೊಂದು ಹೋಯಿತು, ಅದರ ಹಿಂದೆಯೇ ಇನ್ನೊಂದು.

ಮೊದಲು ಹೋದದ್ದು ಅಜ್ಜಯ್ಯನ ಜೋಡಿನಳಿಗೆ, ಬರ್ಮಿಂಗ್‌ಹ್ಯಾಮಿನದು. ಸರ್ವೀಸಿಗೆಂದು ಒಯ್ದಾಗ ಅಂಗಡಿಯವರು ನಳಿಗೆ ಅಳೆದು ನೋಡಿ, "ಗೌಡ್ರೇ, ಇದಕ್ಕೆ ಈಗಿನ ತೋಟಾ ಹಾಕಬೇಡಿ" ಅಂದರು. ಹೇಳಿದ್ದು ಸರಿಯಾಗಿಯೇ ಇತ್ತು. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ತೋಟಾ ಕೂರುವ ಗೂಡು ಹೆಚ್ಚಾಗಿ ಎರಡೂವರೆ ಇಂಚಿನದು, ಅಂದರೆ ಸುಮಾರು 65 ಮಿಲಿಮೀಟರ್. ಈಗ ಸಾಮಾನ್ಯವಾಗಿ ಸಿಗುವ ತೋಟಾ 70 ಮಿಲಿಮೀಟರಿನದು. ಅದು ಒಳಗೇನೋ ಸಲೀಸಾಗಿ ಕೂರುತ್ತದೆ, ಏಕೆಂದರೆ ಬಾಯಿ ಮಡಚಿರುತ್ತದೆ. ಈಡಾದಾಗ ಆ ಬಾಯಿ ಪೂರ್ತಿ ಬಿಚ್ಚಿಕೊಳ್ಳಲು ಜಾಗ ಸಾಲದೆ ನಳಿಗೆಯೊಳಗೆ ಒತ್ತಡ ಏರುತ್ತದೆ. ಇಷ್ಟು ಕೇಳಿದ್ದೇ ನನಗೆ ಅಜ್ಜಯ್ಯನ ಕೋವಿ ಬಾಂಬಿನಂತೆ ಕಂಡಿತು. ಮೇಲೆ ಒಂದಿಷ್ಟು ದುಡ್ಡು ಕೊಟ್ಟು, ದೇಶದಲ್ಲೇ ತಯಾರಾದ ಹೊಸ ಜೋಡಿನಳಿಗೆಗೆ ಅದಲುಬದಲು ಮಾಡಿಕೊಂಡೆ.

ಹೊಸ ಕೋವಿಯಲ್ಲಿ ದೋಷ ಹುಡುಕಿದರೂ ಸಿಗುವುದಿಲ್ಲ. ನನ್ನ ಹೆಗಲಿಗೆ ಮಾತ್ರ ಅದು ಕೂರಲಿಲ್ಲ. ಚರೆಕೋವಿಗೆ ರೈಫಲ್ಲಿನ ಹಾಗೆ ಹಿಂದೊಂದು ಗುರಿಕಿಂಡಿ ಇರುವುದಿಲ್ಲ, ಆ ಕೆಲಸ ಕಣ್ಣಿನದು. ಹಿಡಿ ಒಂದಂಗುಲ ಉದ್ದವಾದರೂ ಕೆನ್ನೆ ಕೂರುವ ಜಾಗ ತಪ್ಪುತ್ತದೆ, ಕೆನ್ನೆ ತಪ್ಪಿದರೆ ಕಣ್ಣೂ ತಪ್ಪುತ್ತದೆ. ಅಜ್ಜಯ್ಯ ನನ್ನ ಹಾಗೇ ಗಿಡ್ಡ. ಊರ ಆಚಾರಿಯನ್ನು ಕರೆಸಿ, ಹಿಡಿಯ ಬುಡವನ್ನು ಅಳತೆಗೆ ಕೊಯ್ಯಿಸಿ, ಕೊಯ್ದ ಮುಖಕ್ಕೆ ಮತ್ತೆ ಎಣ್ಣೆ ಕುಡಿಸಿ ಇಟ್ಟಿದ್ದ. ಆ ಕೋವಿ ಎತ್ತಿದರೆ ತಾನಾಗಿ ಕಣ್ಣಿನ ನೇರಕ್ಕೆ ಬರುತ್ತಿತ್ತು. ಕೊಯ್ದ ಗುರುತು ನೋಡಿ ಅಂಗಡಿಯವರು ಬೆಲೆ ಇಳಿಸಿದ್ದರು. ನಾನೂ ತಲೆಯಾಡಿಸಿದ್ದೆ.

ಇನ್ನೊಂದು ಸಂಗತಿ ತಡವಾಗಿ ತಿಳಿಯಿತು. ನಳಿಗೆ ಕಳಚಿ ಅಡಿಭಾಗ ನೋಡಿದರೆ ಪರೀಕ್ಷೆಯ ಮುದ್ರೆಗಳಿರುತ್ತವೆ. ಯಾವ ಬಗೆಯ ಮದ್ದಿಗೆ ಪಾಸಾದದ್ದು ಎಂಬುದು ಅಲ್ಲಿ ತಿಳಿಯುತ್ತದೆ. ಎಷ್ಟೋ ಕೋವಿಗಳಲ್ಲಿ ತೋಟಾದ ಉದ್ದವೂ ಕೊರೆದಿರುತ್ತದೆ. ವರ್ಷಾನುಗಟ್ಟಲೆ ಎಣ್ಣೆ ಬಟ್ಟೆಯಲ್ಲಿ ಒರೆಸುತ್ತ ಬಂದವನು ಆ ಮುದ್ರೆಗಳನ್ನು ಬರೀ ಗೀಚು ಅಂದುಕೊಂಡಿದ್ದೆ. ಬೆಳೆ ಕಾಯುವವನಿಗೆ ವರ್ಷಕ್ಕೆ ಬೇಕಾಗುವುದೇ ನಾಲ್ಕಾರು ತೋಟಾ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮ ಕೋವಿಗಳ ಉದ್ಯೋಗವೆಂದರೆ ಮಂಗ, ಹಂದಿಗಳನ್ನು ಸದ್ದು ಮಾಡಿ ಓಡಿಸುವುದು. ಗಿಡ್ಡ ತೋಟಾ ಹುಡುಕಬಹುದಿತ್ತು. ಸಿಗದಿದ್ದರೆ ಈಡು ಹೊಡೆಯದೆ ಗೋಡೆಗೆ ತೂಗುಹಾಕಿಕೊಂಡಿದ್ದರೂ ಯಾರೂ ಕೇಳುತ್ತಿರಲಿಲ್ಲ.

ಎರಡನೆಯದು ಕೇಪಿನ ಕೋವಿ. ಅದನ್ನು ತುಂಬುವುದೇ ಒಂದು ಕಸುಬು. ಬಾಯಿಯಿಂದ ಮಸಿ ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಜಡಿಯಬೇಕು. ಗಜ 'ಟಣ್' ಎಂದು ಪುಟಿದು ಮೇಲೆ ಬಂದರೆ ಸಾಕು ಎಂದರ್ಥ. ಆಮೇಲೆ ಚರೆ, ಮತ್ತೆ ನಾರು, ಕೊನೆಗೆ ಹಿಂಬದಿಯ ಮೂತಿಗೊಂದು ಕೇಪು. ಅಷ್ಟರಲ್ಲಿ ಹಂದಿ ಪಕ್ಕದ ಗದ್ದೆ ಮುಗಿಸಿ ಮನೆಗೆ ಹೋಗಿರುತ್ತಿತ್ತು ಎಂದು ಅಪ್ಪಯ್ಯ ನಗುತ್ತಿದ್ದರು.

2019ರ ಡಿಸೆಂಬರಿನಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ಬಂತು. ಒಬ್ಬರು ಮೂರು ಕೋವಿಗಳವರೆಗೆ ಇಟ್ಟುಕೊಳ್ಳಬಹುದಾಗಿದ್ದದ್ದು ಎರಡಕ್ಕೆ ಇಳಿಯಿತು. ಮೂರನೆಯದನ್ನು ವರ್ಷದೊಳಗೆ ಠಾಣೆಗೋ ಲೈಸೆನ್ಸು ಇರುವ ಅಂಗಡಿಗೋ ಒಪ್ಪಿಸಬೇಕಿತ್ತು. ಹಿರಿಯರಿಂದ ಬಂದದ್ದಕ್ಕೂ ರಿಯಾಯಿತಿ ಇಲ್ಲ. ನನ್ನ ಲೈಸೆನ್ಸ್ ಪುಸ್ತಕದಲ್ಲಿ ಮೂರಿತ್ತು: ಹೊಸ ಜೋಡಿನಳಿಗೆ, ಅಪ್ಪಯ್ಯನ ಒಂಟಿನಳಿಗೆ, ಈ ಕೇಪಿನದು. ಬೆಲೆ ಕಡಿಮೆ ಇದ್ದದ್ದನ್ನೇ ಆರಿಸಿ ಒಯ್ದೆ. ಅಂಗಡಿಯ ಮೂಲೆಯಲ್ಲಿ ಆಗಲೇ ಚೀಟಿ ಕಟ್ಟಿದ ಕೋವಿಗಳು ಗೋಡೆಗೆ ಒರಗಿ ನಿಂತಿದ್ದವು. "ಎಲ್ಲರೂ ಒಟ್ಟಿಗೆ ತಂದು ಸುರಿದರೆ ನಾನು ಯಾರಿಗೆ ಮಾರಲಿ?" ಎಂದು ಅಂಗಡಿಯವರು ನನ್ನನ್ನೇ ಕೇಳಿದರು.

ಕೊಡಗಿನ ಸ್ನೇಹಿತನೊಬ್ಬನಿಗೆ ಇದನ್ನು ಹೇಳಿದರೆ ಅವನಿಗೆ ಅರ್ಥವೇ ಆಗಲಿಲ್ಲ. ಕೊಡವರಿಗೂ ಅಲ್ಲಿನ ವಂಶಪಾರಂಪರ್ಯ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿ ಇದೆ. ಈಗಿನದು 2029ರವರೆಗೆ ನಡೆಯುತ್ತದೆ. ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ನಳಿಗೆಯ ಬಾಯಿಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಪೂಜೆ ಮಾಡುತ್ತಾರೆ, ಸಾವಾದರೆ ಎರಡು ಈಡು ಹೊಡೆದು ಊರಿಗೆ ತಿಳಿಸುತ್ತಾರೆ. ಅವರ ಕೋವಿ ಮನೆತನದ್ದು, ನಮ್ಮದು ಲೈಸೆನ್ಸಿನಲ್ಲಿ ಹೆಸರಿದ್ದವನದ್ದು. ಅಸೂಯೆಯಿಂದ ಹೇಳುತ್ತಿಲ್ಲ, ಸ್ವಲ್ಪ ಇರಬಹುದು.

ಆದರೆ ನಮ್ಮ ಕಡೆಯೂ ದಾರಿ ಇತ್ತು. ಎರಡರ ಮಿತಿ ಒಬ್ಬೊಬ್ಬರಿಗೆ, ಮನೆಗಲ್ಲ. ಲೈಸೆನ್ಸುದಾರನಿಗೆ 70 ತುಂಬಿದ್ದರೆ, ಇಲ್ಲವೇ ಕೋವಿ ಅವನ ಬಳಿ 25 ವರ್ಷ ಇದ್ದಿದ್ದರೆ, ಅವನು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಅರ್ಜಿ ಹಾಕಬಹುದು ಎಂದು 2016ರ ನಿಯಮಗಳಲ್ಲಿದೆ. ಎರಡನೆಯ ಲೆಕ್ಕದಲ್ಲಿ ಕೇಪಿನದು ಆರಾಮವಾಗಿ ದಾಟುತ್ತಿತ್ತು. ತೋಟ ನೋಡಿಕೊಳ್ಳುವ ಮಗಳು ಮನೆಯಲ್ಲೇ ಇದ್ದಳು. ಹೆಣ್ಣುಮಗಳ ಹೆಸರಿಗೆ ಕೋವಿ ಎಂಬ ಯೋಚನೆ ಅಂಗಡಿಯವರಿಗೂ ಹೊಳೆಯಲಿಲ್ಲ, ನನಗೂ.

ಈಗ ಒಂಟಿನಳಿಗೆಯನ್ನು ಅವಳ ಹೆಸರಿಗೆ ಮಾಡಿಸಲು ಹೊರಟಿದ್ದೇವೆ. ಪಹಣಿಯಲ್ಲಿ ಹೆಸರು ಸೇರಿದೆ, ತರಬೇತಿಯ ಪ್ರಮಾಣಪತ್ರ ಬಂದಿದೆ, ಫೈಲು ಜಿಲ್ಲಾಧಿಕಾರಿ ಕಚೇರಿಯಲ್ಲಿದೆ. ವಿಚಾರಣೆಗೆ ಬಂದ ಪೊಲೀಸರು ಕಾಫಿ ಕುಡಿದು, "ಹೆಣ್ಣುಮಗಳಿಗೆ ಕೋವಿ ಯಾಕಮ್ಮ?" ಎಂದು ಕೇಳಿದರು.

"ಮಂಗಗಳೇನು ಗಂಡಸರು ಇದಾರಾ ಅಂತ ಕೇಳಿ ಬರ್ತಾವಾ ಸಾರ್?" ಅಂದಳು. ಅವರು ಅದನ್ನು ವರದಿಯಲ್ಲಿ ಬರೆದುಕೊಂಡರೋ ಇಲ್ಲವೋ ನೋಡಬೇಕು.