ಇರುವೆ ಗೂಡಿನಲ್ಲಿ ಮರಿ ಮಾಡುವ ಕಂದು ಮರಕುಟಿಗ

ಮಲೆನಾಡಿನ ಕಾಡು ಹಾಗೂ ಕಾಫಿ ತೋಟಗಳಲ್ಲಿ ಕಾಣಸಿಗುವ ಕಂದು ಮರಕುಟಿಗ ಸುಮಾರು 25 ಸೆಂ.ಮೀ. ಉದ್ದದ ಹಕ್ಕಿ. ಮೈಯೆಲ್ಲ ಇಟ್ಟಿಗೆಗಂದು; ರೆಕ್ಕೆ, ಬಾಲಗಳ ಮೇಲೆ ಕಪ್ಪು ಅಡ್ಡಪಟ್ಟೆ; ಕೊಕ್ಕು ಗಿಡ್ಡ. ಕಣ್ಣಿನ ಕೆಳಗೆ ಕೆಂಪು ಮಚ್ಚೆಯಿದ್ದರೆ ಗಂಡು. ಇದು ಮರ ಕುಟ್ಟುವ ಸದ್ದು ನಿಂತುಹೋಗುತ್ತಿರುವ ಮೋಟಾರು ಬೈಕಿನಂತೆ ನಿಧಾನವಾಗುತ್ತಾ ಬರುತ್ತದೆ. ಒಮ್ಮೆ ಕೇಳಿದವರು ಮರೆಯರು.

ಹಕ್ಕಿ ಕಣ್ಣಿಗೆ ಬೀಳದಿದ್ದರೆ ಇರುವೆ ಗೂಡುಗಳನ್ನು ಗಮನಿಸಬೇಕು. ಇರುವೆ, ಅವುಗಳ ಮೊಟ್ಟೆ ಮತ್ತು ಕೋಶಗಳೇ ಇದರ ಮುಖ್ಯ ಆಹಾರ. ಕ್ರೆಮಟೋಗ್ಯಾಸ್ಟರ್ ಎಂಬ ಇರುವೆಗಳು ಕೊಂಬೆಗೆ ಕಟ್ಟುವ, ರಟ್ಟಿನಂತಹ ಗೂಡನ್ನು ಕೊರೆದು ಅದರೊಳಗೇ ಮೊಟ್ಟೆಯಿಡುತ್ತದೆ. (ಚಗಳಿ ಹೊಲಿಯುವ ಎಲೆಗೂಡು ಬೇರೆ.) ನೆರಳು ಸವರುವಾಗ ಕಚ್ಚುವ ಇರುವೆಗೆ ಹೆದರಿ ಆಳುಗಳು ಇಂತಹ ಗೂಡನ್ನು ಕೆಡಹುವುದುಂಟು. ಫೆಬ್ರವರಿಯಿಂದ ಜೂನ್‌ವರೆಗೆ ಗೂಡಿನಲ್ಲಿ ದುಂಡನೆಯ ತೂತು ಕಂಡರೆ ಆ ಕೊಂಬೆಯನ್ನು ಮುಟ್ಟದಿರುವುದು ಒಳ್ಳೆಯದು, ಒಳಗೆ ಮರಿಗಳಿರಬಹುದು.