ಹೊಗೆಗೂಡಿನ ಶುದ್ಧಿ

ಸೌದೆಯ ಒಲೆಗೆ ಬಾಯಿ, ಒಡಲು, ಹೊಗೆಗೂಡು ಎಂದು ಮೂರು ಅಂಗಗಳು. ಬಾಯಿಯ ಬೂದಿಯನ್ನು ಗೃಹಿಣಿಯು ದಿನವೂ ತೆಗೆಯುವಳು. ಒಡಲನ್ನು ಸೆಗಣಿ ಮಣ್ಣುಗಳಿಂದ ಸಾರಿಸುವಳು. ಹೊಗೆಗೂಡಾದರೋ ಅದರ ಒಳಭಾಗ ಕಾಣದ ಕಾರಣ ವರ್ಷಗಟ್ಟಲೆ ಉಪೇಕ್ಷೆಗೆ ಗುರಿಯಾಗುತ್ತದೆ. ಈ ಉಪೇಕ್ಷೆಯ ಫಲವು ಅಲ್ಪವಾದುದಲ್ಲ.

ಕಾಯ್ದ ವಾಯುವು ಹಗುರಾಗಿ ಮೇಲೇರುತ್ತದೆ. ಅದರ ಸ್ಥಾನವನ್ನು ತುಂಬಲು ಹೊಸ ಗಾಳಿಯು ಒಲೆಯ ಬಾಯಿಂದ ಒಳನುಗ್ಗಿ ಉರಿಯನ್ನು ಪೋಷಿಸುತ್ತದೆ. ಹೊಗೆಗೂಡಿನ ಸೆಳೆತವೆಂದರೆ ಇದೇ. ಸೌದೆ ಹಸಿಯಾಗಿದ್ದರೆ, ಇಲ್ಲವೆ ಗಾಳಿ ಸಾಲದಿದ್ದರೆ, ದಹನವು ಪೂರ್ಣವಾಗದು. ಆಗ ನೀರಾವಿಯೂ ಡಾಂಬರಿನಂತಹ ದ್ರವ್ಯಗಳೂ ಹೊಗೆಯೊಡನೆ ಏರಿ, ತಣ್ಣನೆಯ ಗೋಡೆಗೆ ತಗುಲಿ ಅಂಟಿಕೊಳ್ಳುತ್ತವೆ. ಅಡಿಗೆಮನೆಯ ಮಾಡಿಗೆ ಜೋತುಬೀಳುವ ಮಸಿಯನ್ನು ಹಿರಿಯರು ಇಲ್ಲಣವೆಂದು ಕರೆದರು. ಕೊಳವೆಯೊಳಗೆ ಅದು ಮೊದಲು ಪುಡಿಯಾಗಿ, ಬಳಿಕ ಅಂಟಾಗಿ, ಕಡೆಗೆ ಅರಗಿನಂತೆ ಹೊಳೆಯುವ ಗಟ್ಟಿ ಪದರವಾಗಿ ನಿಲ್ಲುತ್ತದೆ. ದಾರಿ ಕಿರಿದಾದಂತೆ ಹೊಗೆಯು ಮನೆಯೊಳಕ್ಕೇ ಮರಳುತ್ತದೆ. ಅದರೊಡನೆ ಬಣ್ಣವೂ ವಾಸನೆಯೂ ಇಲ್ಲದ, ಪ್ರಾಣಹಾರಿಯಾದ ಕಾರ್ಬನ್ ಮಾನಾಕ್ಸೈಡ್ ಅನಿಲವೂ ಬರುತ್ತದೆ. ಆ ಪದರಕ್ಕೇ ಕಿಡಿ ತಾಗಿದರಂತೂ ಗೂಡು ಬಿರಿದು, ಬೆಂಕಿಯು ಮಾಡಿನ ತೊಲೆಗಳಿಗೆ ಹಬ್ಬಬಹುದು.

ಶೀತದೇಶಗಳಲ್ಲಿ ಚಳಿಗಾಲಕ್ಕೆ ಮುನ್ನ ವರ್ಷಕ್ಕೊಮ್ಮೆ ಹೊಗೆಗೂಡನ್ನು ಗುಡಿಸಿ ಪರೀಕ್ಷಿಸುವುದು ರೂಢಿ. ನಮ್ಮಲ್ಲಿ ಹೊಗೆಗೂಡುಳ್ಳ ಸುಧಾರಿತ ಒಲೆಗಳು ಹಳ್ಳಿಗಳಿಗೆ ಬಂದುದು ಈಚೆಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು 'ಅಸ್ತ್ರ ಒಲೆ'ಯನ್ನು ರೂಪಿಸಿತು. 1983ರಲ್ಲಿ ಭಾರತ ಸರಕಾರವು ಇಂತಹ ಒಲೆಗಳಿಗಾಗಿ ರಾಷ್ಟ್ರೀಯ ಕಾರ್ಯಕ್ರಮವನ್ನೇ ಕೈಗೊಂಡಿತು. ಆದರೆ ಒಲೆಯನ್ನು ಕೊಟ್ಟಮಾತ್ರಕ್ಕೆ ಹೊಗೆ ತೊಲಗದು. ಒಡಿಶಾದ ಸುಮಾರು 2,600 ಕುಟುಂಬಗಳಲ್ಲಿ ಸುಧಾರಿತ ಒಲೆಗಳನ್ನು ಕುರಿತು ರೆಮಾ ಹನ್ನಾ, ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್ ಎಂಬ ಅರ್ಥಶಾಸ್ತ್ರಜ್ಞರು ನಡೆಸಿದ ಅಧ್ಯಯನವು 2016ರಲ್ಲಿ ಪ್ರಕಟವಾಯಿತು. ಮೊದಲ ವರ್ಷ ಅಡಿಗೆ ಮಾಡುವವರು ಸೇವಿಸುವ ಹೊಗೆ ತಗ್ಗಿತು. ಅನಂತರ ಆ ಲಾಭವು ಉಳಿಯಲಿಲ್ಲ. ಒಲೆಯನ್ನು ಕ್ರಮವಾಗಿ ಬಳಸದುದೂ ಅದರ ಶುದ್ಧಿ, ದುರಸ್ತಿಗಳನ್ನು ಕಡೆಗಣಿಸಿದುದೂ ಇದಕ್ಕೆ ಕಾರಣವೆಂದು ಅಧ್ಯಯನಕಾರರು ನಿರೂಪಿಸಿದರು.

ಅಡಿಗೆ ಅನಿಲವು ಬಂದ ಬಳಿಕವೂ ಮಲೆನಾಡಿನ ಬಚ್ಚಲೊಲೆಗಳಲ್ಲಿ, ದಾಸೋಹದ ಅಡಿಗೆಶಾಲೆಗಳಲ್ಲಿ ಸೌದೆ ಉರಿಯುವುದುಂಟು. ಇವುಗಳ ಹೊಗೆಗೂಡನ್ನು ಮುಂಗಾರಿಗೆ ಮುನ್ನ, ವೈಶಾಖದಲ್ಲಿ ಶುದ್ಧಗೊಳಿಸುವುದು ಯುಕ್ತ. ಹಿಂದಿನ ದಿನವೇ ಒಲೆಯನ್ನು ಆರಿಸಿ, ಬೂದಿ ಪೂರ್ತಿ ತಣಿದ ಮೇಲೆ ಒಲೆಯ ಬಾಯಿಗೆ ಒದ್ದೆ ಗೋಣಿಯನ್ನು ಮುಚ್ಚಬೇಕು. ಮೂಗುಬಾಯಿಗಳಿಗೆ ಬಟ್ಟೆ ಕಟ್ಟಿಕೊಂಡು, ಕೊಳವೆಯ ಅಗಲಕ್ಕೆ ಸರಿಹೊಂದುವ ಗಡುಸು ಕುಂಚವನ್ನು ಬಿದಿರುಗಳುವಿಗೆ ಬಿಗಿದು ಮೇಲಿನಿಂದ ಕೆಳಕ್ಕೆ ಉಜ್ಜಬೇಕು. ಉದುರಿದ ಮಸಿಯನ್ನೆಲ್ಲ ಬುಡದಿಂದ ತೆಗೆದು, ಬಿರುಕು, ಹಕ್ಕಿಗೂಡುಗಳಿವೆಯೇ ಎಂದು ದೀಪ ಹಿಡಿದು ನೋಡಬೇಕು. ಕುಂಚಕ್ಕೆ ಬಗ್ಗದ ಗಟ್ಟಿ ಪದರವಿದ್ದರೆ ಕೊಳವೆಯನ್ನು ಬದಲಿಸುವುದೇ ಲೇಸು. ಹಳೆಯ ಕಲ್ನಾರಿನ ಕೊಳವೆಯನ್ನು ಉಜ್ಜಲೂ ಒಡೆಯಲೂ ಕೂಡದು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಬಲ್ಲವರಿಂದ ಅದನ್ನು ಇಡಿಯಾಗಿ ತೆಗೆಸಬೇಕು. ಕಡೆಯಲ್ಲಿ ಒಂದಿಷ್ಟು ಒಣಹುಲ್ಲನ್ನು ಹೊತ್ತಿಸಿ, ಹೊಗೆಯು ನೇರವಾಗಿ ಮೇಲೇರುವುದನ್ನು ಖಚಿತಪಡಿಸಿಕೊಳ್ಳಬೇಕು. ಸೌದೆಯನ್ನು ಮೊದಲೇ ಸೀಳಿ, ಮಳೆ ತಾಗದಂತೆ ಒಟ್ಟಿ ಒಣಗಿಸಿದರೆ ಇಲ್ಲಣವು ಕಟ್ಟುವುದೇ ಕಡಿಮೆ.

ಹೊಗೆಯನ್ನು ಮೊದಲು ಉಣ್ಣುವವಳು ಒಲೆಯ ಮುಂದೆ ಕುಳಿತವಳು. ಮಾಡು ಹತ್ತಿ ಗೂಡು ಗುಡಿಸುವ ಹೊರೆಯನ್ನೂ ಅವಳಿಗೇ ಬಿಡುವುದು ನ್ಯಾಯವಲ್ಲ. ಆ ಒಲೆಯ ಅನ್ನವನ್ನು ಉಣ್ಣುವ ಸಮಸ್ತರ ಕರ್ತವ್ಯವಿದು.