ಚಕ್ರದ ಲೆಕ್ಕ

ಒಂದು ಊರಿಗೂ ಇನ್ನೊಂದು ಊರಿಗೂ ನಡುವಣ ದೂರವನ್ನು ನಮ್ಮ ಹಿರಿಯರು ಹರದಾರಿಯಲ್ಲಿ, ಗಾವುದದಲ್ಲಿ ಹೇಳುತ್ತಿದ್ದರು. ಹರದಾರಿ ಎಂದರೆ ಸುಮಾರು ಮೂರು ಮೈಲಿ ಎಂಬುದು ವಾಡಿಕೆ. ಆದರೆ ಹೇಳುವವನ ಕಾಲಿನ ಬಲವನ್ನೂ ಕೇಳುವವನ ಆಯಾಸವನ್ನೂ ಅನುಸರಿಸಿ ಅದು ಹಿಗ್ಗುತ್ತಲೂ ಕುಗ್ಗುತ್ತಲೂ ಇತ್ತು. ಇಂದಿಗೂ ಹಳ್ಳಿಗಾಡಿನಲ್ಲಿ ದಾರಿ ಕೇಳಿದರೆ “ಇಲ್ಲೇ ಕೂಗಳತೆಯಲ್ಲಿದೆ” ಎಂಬ ಉತ್ತರ ಬರುವುದುಂಟು. ಆ ಕೂಗು ಎಷ್ಟು ದೂರ ಕೇಳಿಸೀತೆಂಬುದನ್ನು ನಡೆದೇ ತಿಳಿಯಬೇಕು.

ನಡೆದು ಹೋಗುವವನಿಗೆ ಇದರಿಂದ ದೊಡ್ಡ ನಷ್ಟವೇನೂ ಇರಲಿಲ್ಲ. ಆದರೆ ಹೊತ್ತಿಗೆ ಸರಿಯಾಗಿ ಒಂದು ಸ್ಥಳವನ್ನು ಮುಟ್ಟಬೇಕಾದವನಿಗೆ ದೂರವೆಷ್ಟು, ತನ್ನ ವೇಗವೆಷ್ಟು ಎಂಬುದು ತಿಳಿದಿರಲೇಬೇಕು. ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ಉಚಿತವಾಗಿ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ಹಳ್ಳಿಯಿಂದ ಐದಾರು ಕಿಲೋಮೀಟರ್ ದೂರದ ಪ್ರೌಢಶಾಲೆಗೆ ಸೈಕಲ್ಲಿನಲ್ಲಿ ಹೋಗುವ ಮಕ್ಕಳು ಆ ಬಳಿಕ ನಾಡಿನೆಲ್ಲೆಡೆ ಹೆಚ್ಚಿದರು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸುತ್ತಿನ ಮಕ್ಕಳಿಗೆ ಒಂದು ವಿಷಯ ಯಾರೂ ಹೇಳಿಕೊಡದೆಯೇ ತಿಳಿದಿದೆ. ಮಾಘಮಾಸದಲ್ಲಿ ಇಪ್ಪತ್ತು ನಿಮಿಷದಲ್ಲಿ ಮುಗಿಯುವ ದಾರಿ ಆಷಾಢದಲ್ಲಿ ಮೂವತ್ತೈದು ನಿಮಿಷವಾದರೂ ಮುಗಿಯುವುದಿಲ್ಲ. ಪ್ರಾರ್ಥನೆಯ ಗಂಟೆ ಮಾತ್ರ ಎರಡು ಕಾಲಕ್ಕೂ ಒಂದೇ ಹೊತ್ತಿಗೆ ಬಾರಿಸುತ್ತದೆ. ಆ ಹದಿನೈದು ನಿಮಿಷಗಳು ಎಲ್ಲಿ ಹೋದವು? ಸೈಕಲ್ಲಿನ ಹ್ಯಾಂಡಲ್ಲಿಗೆ ಕಟ್ಟುವ ಒಂದು ಪುಟ್ಟ ಉಪಕರಣವು ಈ ಪ್ರಶ್ನೆಗೆ ಎಷ್ಟರಮಟ್ಟಿಗೆ ಉತ್ತರ ಕೊಡಬಲ್ಲುದು, ಎಲ್ಲಿ ಮೌನವಾಗುತ್ತದೆ ಎಂಬುದನ್ನು ಈ ಪಾಠದಲ್ಲಿ ನೋಡೋಣ. ಆ ಉಪಕರಣವನ್ನು ಸೈಕಲ್ ಕಂಪ್ಯೂಟರ್ ಎನ್ನುತ್ತಾರೆ.

ಹೆಸರು ಹೊಸದು, ಅದರ ಹಿಂದಿರುವ ಉಪಾಯ ಬಹಳ ಹಳೆಯದು. ಕ್ರಿಸ್ತಪೂರ್ವ ಮೊದಲನೆಯ ಶತಮಾನದಲ್ಲಿ ಬಾಳಿದ ವಿಟ್ರೂವಿಯಸ್ ಎಂಬ ರೋಮನ್ ಶಿಲ್ಪಶಾಸ್ತ್ರಜ್ಞನು ತನ್ನ ಗ್ರಂಥದಲ್ಲಿ ದೂರ ಅಳೆಯುವ ಗಾಡಿಯೊಂದನ್ನು ವರ್ಣಿಸಿದ್ದಾನೆ. ಗಾಡಿಯ ಚಕ್ರವು ಒಂದು ಸುತ್ತಿಗೆ ಹನ್ನೆರಡೂವರೆ ಅಡಿ ಸಾಗುತ್ತದೆ. ಚಕ್ರ ಒಮ್ಮೆ ಸುತ್ತಿದಾಗಲೆಲ್ಲ 400 ಹಲ್ಲುಗಳ ಇನ್ನೊಂದು ಚಕ್ರ ಒಂದು ಹಲ್ಲಿನಷ್ಟು ತಿರುಗುತ್ತದೆ. ನಾನೂರು ಸುತ್ತು ಮುಗಿದರೆ ಐದು ಸಾವಿರ ಅಡಿ, ಎಂದರೆ ಒಂದು ರೋಮನ್ ಮೈಲಿ. ಆಗ ಒಂದು ಕಲ್ಲುಗುಂಡು ಕಂಚಿನ ಪಾತ್ರೆಗೆ ಠಣ್ಣೆಂದು ಬೀಳುತ್ತದೆ. ಸಂಜೆ ಪಾತ್ರೆಯಲ್ಲಿರುವ ಗುಂಡುಗಳನ್ನು ಎಣಿಸಿದರೆ ಆ ದಿನದ ಪಯಣ ತಿಳಿಯಿತು. ನಮ್ಮ ದೇಶದಲ್ಲಿ ಕಂಪನಿ ಸರ್ಕಾರದ ಕಾಲದ ಸರ್ವೆಯವರು ಹಿಡಿಯುಳ್ಳ ಒಂಟಿ ಚಕ್ರವನ್ನು ರಸ್ತೆಯುದ್ದಕ್ಕೂ ತಳ್ಳಿಕೊಂಡು ಹೋಗಿ ದೂರ ಅಳೆದದ್ದೂ ಇದೇ ಉಪಾಯದಿಂದ. 1895ರ ಸುಮಾರಿಗೆ ಅಮೆರಿಕದ ಕರ್ಟಿಸ್ ವೀಡರ್ ಎಂಬಾತನು ಇದನ್ನು ಸೈಕಲ್ಲಿಗೆ ಹೊಂದುವಷ್ಟು ಚಿಕ್ಕದು ಮಾಡಿದನು. ಚಕ್ರದ ಕಡ್ಡಿಗೆ ಬಿಗಿದ ಒಂದು ಮೊಳೆ ಪ್ರತಿ ಸುತ್ತಿನಲ್ಲಿಯೂ ನಕ್ಷತ್ರಾಕಾರದ ಗಾಲಿಯೊಂದನ್ನು ತಟ್ಟುತ್ತಿತ್ತು. ಅಂಕಿಗಳು ಒಂದೊಂದಾಗಿ ಮುಂದೆ ಸರಿಯುತ್ತಿದ್ದವು.

ಇಂದಿನ ಉಪಕರಣದಲ್ಲಿ ಮೊಳೆಯ ಸ್ಥಾನಕ್ಕೆ ಒಂದು ಆಯಸ್ಕಾಂತ ಬಂದಿದೆ. ಅದು ಮುಂದಿನ ಚಕ್ರದ ಒಂದು ಕಡ್ಡಿಗೆ ಅಂಟಿಕೊಂಡಿರುತ್ತದೆ. ಎದುರಿಗೆ ಫೋರ್ಕಿನ ಮೇಲೆ ಒಂದು ಚಿಕ್ಕ ಗಾಜಿನ ಕೊಳವೆಯುಂಟು. ಅದರೊಳಗೆ ಒಂದನ್ನೊಂದು ಮುಟ್ಟದ ಎರಡು ತೆಳುವಾದ ಲೋಹದ ಪಟ್ಟಿಗಳು. ಆಯಸ್ಕಾಂತವು ಹತ್ತಿರ ಹಾದಾಗ ಪಟ್ಟಿಗಳು ಕೂಡುತ್ತವೆ, ದೂರವಾದಾಗ ಅಗಲುತ್ತವೆ. ಹೀಗೆ ಸುತ್ತಿಗೊಮ್ಮೆ ವಿದ್ಯುತ್ತಿನ ಒಂದು ಸಣ್ಣ ಮಿಡಿತ ಹ್ಯಾಂಡಲ್ಲಿನ ಮೇಲಿರುವ ಪೆಟ್ಟಿಗೆಯನ್ನು ತಲುಪುತ್ತದೆ. ಪೆಟ್ಟಿಗೆಯೊಳಗೊಂದು ಗಡಿಯಾರವಿದೆ. ಈ ಉಪಕರಣ ನಿಜವಾಗಿ ಅಳೆಯುವುದು ಇಷ್ಟನ್ನೇ: ಎಷ್ಟು ಸುತ್ತು, ಎಷ್ಟು ಹೊತ್ತು. ಪರದೆಯ ಮೇಲೆ ಕಾಣುವ ವೇಗ, ದೂರ, ಸರಾಸರಿ, ಗರಿಷ್ಠ ವೇಗ ಇವೆಲ್ಲವೂ ಈ ಎರಡರಿಂದ ಗುಣಿಸಿ ಭಾಗಿಸಿ ಪಡೆದವು. ನಮ್ಮ ಕಡೆಯ ಸಾಮಾನ್ಯ ದೊಡ್ಡ ಸೈಕಲ್ಲಿನ ಚಕ್ರದ ಸುತ್ತಳತೆ ಸುಮಾರು 2.2 ಮೀಟರ್. ಎರಡು ಮಿಡಿತಗಳ ನಡುವೆ 0.44 ಸೆಕೆಂಡು ಕಳೆದರೆ ವೇಗ ಸೆಕೆಂಡಿಗೆ 5 ಮೀಟರ್, ಗಂಟೆಗೆ 18 ಕಿಲೋಮೀಟರ್. ಲೆಕ್ಕ ಇಷ್ಟು ಸರಳ.

ಆದರೆ ಆ 2.2 ಮೀಟರ್ ಎಂಬ ಅಂಕಿಯನ್ನು ಉಪಕರಣವು ತಾನಾಗಿ ಅರಿಯದು. ಅದನ್ನು ಸವಾರನೇ ಹೇಳಿಕೊಡಬೇಕು. ಎರಡು ಮೀಟರಿಗಿಂತ ಸ್ವಲ್ಪ ಹೆಚ್ಚಿನ ಈ ಒಂದು ಅಳತೆಯ ಮೇಲೆ ಸಾವಿರಾರು ಕಿಲೋಮೀಟರುಗಳ ಲೆಕ್ಕ ನಿಂತಿದೆ. 2.2 ಮೀಟರ್ ಇರುವಲ್ಲಿ 2.1 ಎಂದು ತುಂಬಿದರೆ 100 ಕಿಲೋಮೀಟರ್ ಸಾಗಿದವನಿಗೆ ಉಪಕರಣವು ತೊಂಬತ್ತೈದೂವರೆಯ ಲೆಕ್ಕವನ್ನಷ್ಟೇ ಒಪ್ಪಿಸುತ್ತದೆ. ಅದು ಸುಳ್ಳು ಹೇಳಿತೆನ್ನಲಾಗದು. ಕೊಟ್ಟ ಅಳತೆಗೋಲಿನಿಂದ ಅಳೆಯಿತು, ಅಷ್ಟೆ.

ಸುತ್ತಳತೆಯನ್ನು ಪುಸ್ತಕದ ಸೂತ್ರದಿಂದ, ಎಂದರೆ ವ್ಯಾಸವನ್ನು 22/7ರಿಂದ ಗುಣಿಸಿ ಪಡೆಯಬಹುದು. ಆದರೆ ಸವಾರನು ಏರಿ ಕುಳಿತಾಗ ಟೈರು ನೆಲಕ್ಕೆ ತಾಗುವೆಡೆಯಲ್ಲಿ ಸ್ವಲ್ಪ ಚಪ್ಪಟೆಯಾಗುತ್ತದೆ. ಆದುದರಿಂದ ಅಳೆದು ನೋಡುವುದೇ ಲೇಸು. ಟ್ಯೂಬಿಗೆ ದಿನದಂತೆ ಗಾಳಿ ತುಂಬಿ, ವಾಲ್ವು ನೆಲದ ಕಡೆಗಿರುವಂತೆ ಸೈಕಲ್ಲನ್ನು ನಿಲ್ಲಿಸಿ, ಅದರ ನೇರಕ್ಕೆ ಸಿಮೆಂಟಿನ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಬೇಕು. ಒಬ್ಬನು ಸೀಟಿನ ಮೇಲೆ ಕುಳಿತು, ಇನ್ನೊಬ್ಬನು ಪಕ್ಕದಲ್ಲಿ ಹಿಡಿದು ನೆಟ್ಟಗೆ ಮುಂದೆ ನಡೆಸಬೇಕು. ವಾಲ್ವು ಐದನೆಯ ಬಾರಿ ಕೆಳಗೆ ಬಂದಾಗ ಮತ್ತೊಂದು ಗೆರೆ ಎಳೆದು, ನಡುವಣ ದೂರವನ್ನು ಅಳೆದು ಐದರಿಂದ ಭಾಗಿಸಿದರಾಯಿತು. ಒಂದೇ ಸುತ್ತನ್ನು ಅಳೆದರೆ ಟೇಪು ಹಿಡಿಯುವಲ್ಲಿ ಆದ ತಪ್ಪು ಪೂರ್ತಿಯಾಗಿ ಉತ್ತರಕ್ಕೆ ಸೇರುತ್ತದೆ. ಐದನ್ನು ಅಳೆದರೆ ಅದರ ಐದನೆಯ ಒಂದು ಪಾಲು ಮಾತ್ರ. ವಿಜ್ಞಾನದ ಪ್ರಯೋಗಶಾಲೆಯಲ್ಲಿ ಲೋಲಕದ ಒಂದು ತೂಗಾಟಕ್ಕೆ ಬದಲು ಇಪ್ಪತ್ತು ತೂಗಾಟಗಳ ಕಾಲವನ್ನು ಗುರುತಿಸುವುದು ಇದೇ ಕಾರಣಕ್ಕೆ.

ಚಕ್ರದ ಗೊಡವೆಯೇ ಇಲ್ಲದೆ ದೂರ ಅಳೆಯುವ ಉಪಕರಣಗಳೂ ಇವೆ. ಇವು ಆಕಾಶದಲ್ಲಿ ಸುತ್ತುವ ಕೃತಕ ಉಪಗ್ರಹಗಳ ಸಂಕೇತಗಳನ್ನು ಹಿಡಿದು, ಕನಿಷ್ಠ ನಾಲ್ಕು ಉಪಗ್ರಹಗಳ ನೆರವಿನಿಂದ ತಾವಿರುವ ಸ್ಥಳವನ್ನು ಗೊತ್ತುಮಾಡುತ್ತವೆ. ಒಂದು ಕ್ಷಣ ಇಲ್ಲಿ, ಮುಂದಿನ ಕ್ಷಣ ಅಲ್ಲಿ; ಆ ಚುಕ್ಕೆಗಳನ್ನು ಸೇರಿಸಿದರೆ ಸಾಗಿದ ದಾರಿ. ಹಿರಿಯೂರಿನ ಬಯಲಿನಲ್ಲಿ, ತಲೆಯ ಮೇಲೆ ಆಕಾಶವಲ್ಲದೆ ಬೇರೇನೂ ಇಲ್ಲದೆಡೆ, ಈ ವಿಧಾನವು ಬಹು ಚೆನ್ನಾಗಿ ನಡೆಯುತ್ತದೆ. ಹೊಳಲ್ಕೆರೆಯ ಕಡೆ ಅಡಿಕೆ ತೋಟಗಳ ನಡುವಣ ಕಿರುದಾರಿಯಲ್ಲಿ ಸಂಕೇತ ಮಂಕಾಗುವುದುಂಟು. ಜೋಗಿಮಟ್ಟಿಯ ಏರುದಾರಿಯಂತಹ ತಿರುವುಗಳಲ್ಲಿ ಚುಕ್ಕೆಯಿಂದ ಚುಕ್ಕೆಗೆ ನೇರ ಗೆರೆ ಎಳೆಯುವುದರಿಂದ ದೂರವು ತುಸು ಕಡಿಮೆ ಬರುವುದೂ ಉಂಟು. ಚಕ್ರವಾದರೋ ತಿರುವಿನಲ್ಲಿಯೂ ನೆಲವನ್ನು ಬಿಡದು.

ದುಬಾರಿ ಉಪಕರಣಗಳು ಏರಿದ ಎತ್ತರವನ್ನೂ ತೋರಿಸುತ್ತವೆ. ಅವುಗಳೊಳಗೆ ಗಾಳಿಯ ಒತ್ತಡವನ್ನು ಅಳೆಯುವ ಸಾಧನವಿದೆ. ನಾವಿರುವ ಎತ್ತರದಲ್ಲಿ ಸುಮಾರು ಒಂಬತ್ತು ಮೀಟರ್ ಮೇಲೇರಿದರೆ ಒತ್ತಡವು ಒಂದು ಮಿಲಿಬಾರಿನಷ್ಟು ಇಳಿಯುತ್ತದೆ. ಮಳೆಯ ಮೋಡ ಕವಿದಾಗಲೂ ಒತ್ತಡ ಇಳಿಯುತ್ತದಾದ ಕಾರಣ, ಮನೆಯ ಜಗಲಿಗೆ ಒರಗಿಸಿಟ್ಟ ಸೈಕಲ್ಲು ಗುಡ್ಡ ಹತ್ತುತ್ತಿದೆಯೆಂದು ಉಪಕರಣವು ಭ್ರಮಿಸುವುದೂ ಉಂಟು.

ಇನ್ನು ಗಾಳಿಯ ಮಾತಿಗೆ ಬರೋಣ. ಈ ಜಿಲ್ಲೆಯ ಸವಾರನಿಗೆ ಇದೇ ಮುಖ್ಯವಾದ ಮಾತು. ಚಿತ್ರದುರ್ಗದ ಗುಡ್ಡಸಾಲಿನ ಮೇಲೆ, ಹೊಸದುರ್ಗ ಹೊಳಲ್ಕೆರೆಗಳ ಸೀಮೆಯಲ್ಲಿ ಸಾಲುಗಟ್ಟಿ ನಿಂತಿರುವ ಗಾಳಿಯಂತ್ರಗಳನ್ನು ನೀವು ನೋಡಿರಬಹುದು. ಮುಂಗಾರಿನ ತಿಂಗಳುಗಳಲ್ಲಿ ಪಶ್ಚಿಮದಿಂದ, ನೈಋತ್ಯದಿಂದ ಬಿಡದೆ ಬೀಸುವ ಗಾಳಿಯೇ ಅವುಗಳನ್ನು ಇಲ್ಲಿಗೆ ಕರೆತಂದಿತು. ವಿದ್ಯುತ್ತಿಗೆ ವರವಾದ ಆ ಗಾಳಿ ಸೈಕಲ್ ಸವಾರನಿಗೆ ಎದುರಾಳಿ. ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಾಳಿಯಿಲ್ಲದ ದಿನ ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ, ಅಷ್ಟೇ ವೇಗದ ಗಾಳಿ ಎದುರಿನಿಂದ ಬೀಸಿತೆಂದು ಇಟ್ಟುಕೊಳ್ಳೋಣ. ಅವನ ಎದೆಗೆ ತಾಗುವ ಗಾಳಿಯ ವೇಗ ಈಗ 36. ವೇಗ ಎರಡರಷ್ಟು, ತಡೆ ನಾಲ್ಕರಷ್ಟು! ಬೆಲ್ಜಿಯಮ್ಮಿನ ಎಡ್ಡಿ ಮರ್ಕ್ಸ್ ಎಂಬ ಪ್ರಸಿದ್ಧ ಸವಾರನು 1972ರಲ್ಲಿ ಒಂದು ಗಂಟೆಯ ಅವಧಿಯಲ್ಲಿ 49.431 ಕಿಲೋಮೀಟರ್ ಸಾಗಿ ದಾಖಲೆ ಮಾಡಲು ಎರಡು ಸಾವಿರ ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಮೆಕ್ಸಿಕೋ ನಗರವನ್ನು ಆರಿಸಿಕೊಂಡದ್ದು ಅಲ್ಲಿಯ ಗಾಳಿ ತೆಳುವಾದುದೆಂಬ ಕಾರಣದಿಂದಲೇ.

ಎದುರುಗಾಳಿಯಲ್ಲಿ ಕಳೆದುಕೊಂಡ ಹೊತ್ತನ್ನು ಬರುವಾಗ ಹಿಂಗಾಳಿಯಲ್ಲಿ ಗಳಿಸಬಹುದಲ್ಲ ಎಂದು ಹಲವರು ನಂಬಿದ್ದಾರೆ. ಲೆಕ್ಕ ಹಾಕಿ ನೋಡೋಣ. ಚಿತ್ರದುರ್ಗದಿಂದ ನೈಋತ್ಯಕ್ಕಿರುವ ಹೊಳಲ್ಕೆರೆಗೆ 35 ಕಿಲೋಮೀಟರ್ ಎಂದಿಟ್ಟುಕೊಂಡರೆ, ಹೋಗುವಾಗ ಗಾಳಿಗೆ ಎದುರಾಗಿ ಗಂಟೆಗೆ 14, ಬರುವಾಗ ಗಾಳಿ ಬೆನ್ನಿಗಿದ್ದು 28. ಸರಾಸರಿ ಎಷ್ಟು? ಎರಡನ್ನೂ ಕೂಡಿಸಿ ಅರ್ಧ ಮಾಡಿ 21 ಎನ್ನುವವರೇ ಹೆಚ್ಚು. ಆದರೆ ಹೋಗಲು ಎರಡೂವರೆ ಗಂಟೆ, ಬರಲು ಒಂದೂಕಾಲು ಗಂಟೆ. 70 ಕಿಲೋಮೀಟರಿಗೆ ಒಟ್ಟು ಮೂರೂಮುಕ್ಕಾಲು ಗಂಟೆ. ಸರಾಸರಿ ವೇಗ 18.7 ಮಾತ್ರ. ನಿಧಾನವಾಗಿ ಸಾಗಿದ ದಾರಿಯಲ್ಲಿ ಹೆಚ್ಚು ಹೊತ್ತು ಕಳೆದುದರಿಂದ ಅದರ ಪ್ರಭಾವವೇ ಮೇಲುಗೈಯಾಯಿತು. ಸೈಕಲ್ ಕಂಪ್ಯೂಟರು ಒಟ್ಟು ದೂರವನ್ನು ಒಟ್ಟು ಕಾಲದಿಂದ ಭಾಗಿಸುವುದರಿಂದ ಈ ತಪ್ಪಿಗೆ ಬೀಳುವುದಿಲ್ಲ. ಆದರೆ ಅಂದು ಗಾಳಿ ಬೀಸುತ್ತಿತ್ತೆಂಬ ಸಂಗತಿ ಅದಕ್ಕೆ ತಿಳಿಯದು. ನಿನ್ನೆ 20, ಇಂದು 14 ಎಂದು ಅದು ತೋರಿಸಿದಾಗ ಸವಾರನು ಸೋಮಾರಿಯಾದನೋ ಗಾಳಿ ಬಲಿಯಿತೋ ಎಂಬುದನ್ನು ಆ ಅಂಕಿಯಿಂದ ತೀರ್ಮಾನಿಸಲಾಗದು. ಈ ಕೊರತೆಯನ್ನು ನೀಗಲೆಂದೇ ಪಂದ್ಯಗಳಿಗೆ ಸಿದ್ಧರಾಗುವವರು ಹೃದಯದ ಬಡಿತವನ್ನು ತಿಳಿಸುವ ಎದೆಪಟ್ಟಿಯನ್ನೂ, ನಿಮಿಷಕ್ಕೆ ಎಷ್ಟು ಬಾರಿ ಪೆಡಲ್ ತುಳಿದರೆಂಬುದನ್ನು ಎಣಿಸುವ ಸಾಧನವನ್ನೂ, ತುಳಿತದ ಸಾಮರ್ಥ್ಯವನ್ನು ವಾಟ್‌ಗಳಲ್ಲಿ ಅಳೆಯುವ ಮಾಪಕವನ್ನೂ ಬಳಸುತ್ತಾರೆ. ಎದುರುಗಾಳಿಯಲ್ಲಿ ವೇಗ ಕುಸಿದರೂ ವಾಟ್ ಕುಸಿಯದಿದ್ದರೆ ಕಾಲುಗಳು ತಮ್ಮ ಕೆಲಸವನ್ನು ಮಾಡಿವೆಯೆಂದು ಅರ್ಥ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ನಾಡಿಗೆ ಅನೇಕ ಸೈಕಲ್ ಪಟುಗಳನ್ನು ಕೊಟ್ಟಿವೆ. ಅಂತಹ ಪಟುಗಳ ಅಭ್ಯಾಸಕ್ಕೆ ಈ ಮಾಪಕಗಳಿಂದ ನಿಜವಾದ ಪ್ರಯೋಜನವುಂಟು. ಶಾಲೆಗೆ ಹೋಗಿಬರುವವನಿಗೆ ಇವು ಬೇಡ.

ದೂರಪಯಣದ ಸವಾರರ ಪ್ರಶ್ನೆಯೇ ಬೇರೆ. ಬ್ರೆವೆ ಎಂಬ ಹೆಸರಿನ ಪಯಣಗಳಲ್ಲಿ ಸ್ಪರ್ಧೆಯಿಲ್ಲ, ಆದರೆ ಕಾಲದ ಮಿತಿಯಿದೆ: 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ಬೆಂಗಳೂರಿನಿಂದ ತುಮಕೂರು, ಸಿರಾ, ಹಿರಿಯೂರುಗಳ ಮೇಲೆ ಚಿತ್ರದುರ್ಗಕ್ಕೆ ಹೆಚ್ಚುಕಡಿಮೆ ಇಷ್ಟೇ ದೂರ. ಗಂಟೆಗೆ 20 ಕಿಲೋಮೀಟರಿನಂತೆ ಸಾಗಿದರೆ ತುಳಿಯುವುದಕ್ಕೆ ಹತ್ತು ಗಂಟೆ. ಊಟ, ನೀರು, ಪಂಕ್ಚರು, ವಿಶ್ರಾಂತಿಗಳಿಗೆ ಮೂರೂವರೆ ಗಂಟೆ ಉಳಿಯಿತು. ಓರೆಯಾಗಿ ಎದುರಾಗುವ ಮುಂಗಾರಿನ ಗಾಳಿ ಆ ವೇಗವನ್ನು 16ಕ್ಕೆ ಇಳಿಸಿದರೆ ಉಳಿಯುವುದು ಒಂದೇ ಗಂಟೆ. ಇಲ್ಲೊಂದು ಎಚ್ಚರ ಬೇಕು. ಬಹುತೇಕ ಉಪಕರಣಗಳು ಸೈಕಲ್ಲು ನಿಂತೊಡನೆ ತಮ್ಮ ಗಡಿಯಾರವನ್ನೂ ನಿಲ್ಲಿಸಿ, ಚಲಿಸಿದ ಹೊತ್ತಿನ ಸರಾಸರಿಯನ್ನಷ್ಟೇ ತೋರಿಸುತ್ತವೆ. ಹೋಟೆಲಿನಲ್ಲಿ ಕುಳಿತಷ್ಟು ಹೊತ್ತು ಪರದೆಯ ಮೇಲಿನ ಸರಾಸರಿ ಕುಂದುವುದಿಲ್ಲ. ಗೋಡೆಯ ಗಡಿಯಾರ ಮಾತ್ರ ಓಡುತ್ತಲೇ ಇರುತ್ತದೆ. ಶಾಲೆಯ ಗಂಟೆಯೂ ಗೋಡೆಯ ಗಡಿಯಾರವನ್ನೇ ನಂಬಿದೆ.

ಕೊಳ್ಳುವವನು ಮೊದಲು ತನಗೆ ಯಾವ ಪ್ರಶ್ನೆಗೆ ಉತ್ತರ ಬೇಕೆಂಬುದನ್ನು ಗೊತ್ತುಮಾಡಿಕೊಳ್ಳಬೇಕು. ದಿನನಿತ್ಯದ ಸವಾರಿಗೆ ತಂತಿಯಿರುವ ಅಗ್ಗದ ಉಪಕರಣವೇ ಸಾಕು. ಗುಂಡಿಯಾಕಾರದ ಒಂದು ಸಣ್ಣ ಸೆಲ್ಲಿನಿಂದ ಅದು ಬಹುಕಾಲ ನಡೆಯುತ್ತದೆ. ತಂತಿ ತುಂಡಾಗದಂತೆ ಬ್ರೇಕಿನ ಜೊತೆಗೆ ಸುತ್ತಿ ಕಟ್ಟಿದರಾಯಿತು. ತಂತಿಯಿಲ್ಲದವು ನೋಡಲು ಅಂದ, ಆದರೆ ಬೆಲೆ ಹೆಚ್ಚು. ಉಪಗ್ರಹಗಳನ್ನು ನಂಬಿದವಕ್ಕೆ ಮೇಲಿಂದ ಮೇಲೆ ವಿದ್ಯುತ್ತು ತುಂಬಬೇಕು. ಗೊತ್ತಿಲ್ಲದ ಊರುಗಳಲ್ಲಿ ದಾರಿ ಹುಡುಕುವವನಿಗೆ ಮಾತ್ರ ಆ ವೆಚ್ಚ ಸಾರ್ಥಕ. ಅಂಕಿಗಳು ನಡುಹಗಲ ಬಿಸಿಲಿನಲ್ಲಿಯೂ ಒಂದೇ ನೋಟಕ್ಕೆ ಕಾಣುವಷ್ಟು ದಪ್ಪವಾಗಿರಬೇಕು. ಹೆದ್ದಾರಿಯ ಪಕ್ಕದ ದಾರಿಯಲ್ಲಿ ಹೋಗುತ್ತ, ಲಾರಿಗಳ ಸದ್ದಿನ ನಡುವೆ ಬಗ್ಗಿ ಪರದೆಯನ್ನು ಓದುವವನಿಗೆ ಯಾವ ಅಂಕಿಯಿಂದಲೂ ಲಾಭವಿಲ್ಲ. ಮಳೆಯ ನೀರು ಒಳಹೋಗಬಾರದು. ಇವೆಲ್ಲಕ್ಕಿಂತ ಮಿಗಿಲಾಗಿ ನಮ್ಮವರು ಕೇಳಬೇಕಾದ ಪ್ರಶ್ನೆಯೊಂದಿದೆ: ಸುತ್ತಳತೆಯನ್ನು ಮಿಲಿಮೀಟರಿನಲ್ಲಿ ತುಂಬಲು ಬರುತ್ತದೆಯೆ? ಕೆಲವು ಉಪಕರಣಗಳು ಹೊರದೇಶದ ಟೈರುಗಳ ಪಟ್ಟಿಯನ್ನು ಕೊಟ್ಟು ಅದರಲ್ಲೊಂದನ್ನು ಆರಿಸೆನ್ನುತ್ತವೆ. ನಮ್ಮ ದೊಡ್ಡ ಸೈಕಲ್ಲಿನ 28 ಅಂಗುಲದ ಟೈರು ಆ ಪಟ್ಟಿಯಲ್ಲಿ ಇರಲೇಬೇಕೆಂದಿಲ್ಲ.

ಉಪಕರಣವಿಲ್ಲದವರೂ ಈ ಲೆಕ್ಕವನ್ನು ಪರೀಕ್ಷಿಸಬಹುದು. ಶಾಲೆಯ ಮೈದಾನದಲ್ಲಿ ಕ್ರೀಡಾಕೂಟಕ್ಕೆಂದು 200 ಮೀಟರಿನ ಪಥವನ್ನು ಸುಣ್ಣದಲ್ಲಿ ಗುರುತಿಸಿದ ದಿನ, ಮುಂದಿನ ಟೈರಿಗೆ ಒಂದು ಬಣ್ಣದ ದಾರ ಕಟ್ಟಿ, ಒಳಗೆರೆಯ ಪಕ್ಕದಲ್ಲಿಯೇ ಸೈಕಲ್ಲನ್ನು ತಳ್ಳುತ್ತ ಸುತ್ತುಗಳನ್ನು ಎಣಿಸಿರಿ. ಸುತ್ತಳತೆ 2.2 ಮೀಟರ್ ಆಗಿದ್ದರೆ, ತೊಂಬತ್ತೊಂದನೆಯ ಸುತ್ತು ಮುಗಿಯುವ ಹೊತ್ತಿಗೆ ನೀವು ಹೊರಟ ಗೆರೆಯ ಮೇಲಿರುತ್ತೀರಿ.